ಹತ್ತಕ್ಕಿಂತ ಕಡಿಮೆ

ಆ ಐದು ಸಾಲು ಬರೆದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮೇಲಿನವರು ಯಾರೋ ಬರೆದರು, ಕೆಳಗಿನವರು ನಾವು ಹಾಳಾದೆವು ಎಂದಿದ್ದರೆ ಹೇಳುವುದು ಸುಲಭವಾಗುತ್ತಿತ್ತು. ಬೈಯುವುದಕ್ಕೆ ಯಾರಾದರೂ ಸಿಗುತ್ತಿದ್ದರು. ಈಗ ಬೈಯಲು ಹೋದರೆ ಅರ್ಧ ಬೈಗುಳ ನನ್ನ ಮೇಲೇ ಬಂದು ಬೀಳುತ್ತದೆ. ಆದರೂ ಇನ್ನರ್ಧ ಉಳಿದಿದೆ. ಅದು ಯಾರಿಗೆ ಸೇರಬೇಕೋ ಅವರಿಗೆ ಸೇರಿಸಿಯೇ ಮುಗಿಸುತ್ತೇನೆ.

ನಮ್ಮ ಆಫೀಸು ಮೂರನೇ ಮಹಡಿಯಲ್ಲಿತ್ತು. ಅಲ್ಲಿ ನಗರದ ನಕ್ಷೆ ಮಾಡುವ ಕೆಲಸ. ದೊಡ್ಡ ಮೋರಿಯ ಪಕ್ಕದಲ್ಲಿ ಅಗಲವಾದ ರಸ್ತೆ ಬರುವುದಿತ್ತು. ರಸ್ತೆಗೆ ಹೋಗುವ ಪ್ರತಿ ಮನೆಗೂ ಬೇರೆ ಕಡೆ ಒಂದು ಮನೆ ಕೊಡುತ್ತೇವೆ ಎಂದು ಹೇಳಿದ್ದರು. ಕೊಡಬೇಕಾದರೆ ಆ ಮನೆ ನಕ್ಷೆಯಲ್ಲಿ ಇರಬೇಕು. ಅದಕ್ಕೆ ನಾವು ಹನ್ನೆರಡು ಜನ ಬೆಳಗಿನಿಂದ ಸಂಜೆಯವರೆಗೆ ಗೆರೆ ಎಳೆಯುತ್ತಿದ್ದೆವು. ಆಕಾಶದಿಂದ ತೆಗೆದ ಫೋಟೊ ಪರದೆಯ ಮೇಲೆ ಬರುತ್ತದೆ. ಕಾಣುವ ಒಂದೊಂದು ಚಾವಣಿಯ ಮೂಲೆಗೂ ಮೌಸ್ ಒತ್ತಿ ಚುಕ್ಕೆ ಇಡಬೇಕು. ಚುಕ್ಕೆಯಿಂದ ಚುಕ್ಕೆಗೆ ಗೆರೆ ತಾನೇ ಬರುತ್ತದೆ. ಸುತ್ತಿ ಬಂದು ಮೊದಲ ಚುಕ್ಕೆಯ ಮೇಲೆ ಮತ್ತೆ ಒತ್ತಿದರೆ ಆಕೃತಿ ಮುಚ್ಚಿಕೊಂಡು ನೀಲಿಯಾಗುತ್ತದೆ. ನೀಲಿಯಾದರೆ ಅದಕ್ಕೊಂದು ನಂಬರು. ನಂಬರಿದ್ದರೆ ಅದು ಮನೆ.

ಮೊದಲು ನಾನೂ ಆ ಹನ್ನೆರಡರಲ್ಲಿ ಒಬ್ಬಳು. ದಿನಕ್ಕೆ ನಾನೂರು ಮನೆ ಎಳೆಯಬೇಕಿತ್ತು. ನಾನೂರು ಮನೆ ಎಂದರೆ ಎರಡು ಸಾವಿರ ಸಲ ಒತ್ತುವುದು. ಸಂಜೆಗೆ ತೋರುಬೆರಳು ಮಡಚುತ್ತಿರಲಿಲ್ಲ. ಮಣಿಕಟ್ಟು ಊದಿಕೊಂಡಿರುತ್ತಿತ್ತು. ಊಟದ ಡಬ್ಬಿಯ ಮುಚ್ಚಳ ತೆಗೆಯಲು ಪಕ್ಕದವಳನ್ನು ಕರೆಯಬೇಕಾಗುತ್ತಿತ್ತು, ಅವಳ ಕೈಯದೂ ಅದೇ ಕಥೆ. ಇಬ್ಬರೂ ಸೇರಿ ಹಲ್ಲಿನಿಂದ ತೆಗೆಯುತ್ತಿದ್ದೆವು.

ನಾವು ಗೆರೆ ಎಳೆಯುತ್ತಿದ್ದ ಸಾಧನ ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆಯದು. ಯಾರೋ ಪುಣ್ಯಾತ್ಮರು ನಕ್ಷೆಗೆಂದು ಒಂದು ಲೈಬ್ರರಿ, ಅಂದರೆ ಸಿದ್ಧ ಪ್ರೋಗ್ರಾಮಿನ ಕಟ್ಟು, ಬರೆದು ಎಲ್ಲರಿಗೂ ಬಿಟ್ಟಿಯಾಗಿ ಬಿಟ್ಟಿದ್ದಾರೆ. ಗೆರೆ ಎಳೆಯುವುದು ಅದರಲ್ಲೇ ಬರುತ್ತದೆ. ಆದರೆ ಗೆರೆಗೆ ಯಾವ ಬಣ್ಣ, ಗೆರೆಯ ಮೇಲೆ ಗೆರೆ ಹಾದರೆ ಏನು ಮಾಡಬೇಕು, ಮುಚ್ಚಿದ ಆಕೃತಿಯನ್ನು ಇಟ್ಟುಕೊಳ್ಳಬೇಕೋ ಬಿಸಾಡಬೇಕೋ, ಇದನ್ನೆಲ್ಲ ನಮಗೆ ಬೇಕಾದ ಹಾಗೆ ಬದಲಾಯಿಸಿಕೊಳ್ಳಬಹುದು. ಇದನ್ನು ನನಗೆ ಯಾರೂ ಕಲಿಸಲಿಲ್ಲ. ಊಟದ ಬಿಡುವಿನಲ್ಲಿ ಅದರ ಒಳಗನ್ನು ತೆರೆದು ನೋಡಿ ನೋಡಿ ಕಲಿತೆ. ಬೆರಳು ನೋಯುವವರಿಗೆ ಬುದ್ಧಿ ಬೇಗ ಬರುತ್ತದೆ. ಒಂದು ಒತ್ತು ಕಡಿಮೆ ಮಾಡಿದೆ. ಆಮೇಲೆ ಇನ್ನೊಂದು. ಹನ್ನೆರಡು ಜನರ ಕೈಗೂ ಸ್ವಲ್ಪ ಉಸಿರು ಬಂತು.

ಮೇಲ್ವಿಚಾರಕರ ಕಣ್ಣಿಗೆ ಇದು ಬಿತ್ತು. ಅವರಿಗೆ ನಾವು ಇಟ್ಟ ಹೆಸರು ಚಚ್ಚೌಕ ಸಾರ್. ಮೇಜಿನ ಮೇಲೆ ಪೆನ್ನು, ಫೋನು, ಟೀ ಲೋಟ ಎಲ್ಲವೂ ಅಂಚಿಗೆ ಸರಿಯಾಗಿ ಕೂತಿರಬೇಕು. ಸೊಟ್ಟಗೆ ಕಂಡದ್ದೆಲ್ಲ ಅವರಿಗೆ ಕಸ. ಕೆಟ್ಟ ಮನುಷ್ಯರಲ್ಲ. ಕೆಟ್ಟವರಾಗಿದ್ದರೆ ಎಷ್ಟೋ ಚೆನ್ನಾಗಿತ್ತು.

ಒಂದು ದಿನ ಪರದೆ ತೋರಿಸಿ ಕೇಳಿದರು: "ಇದೇನಮ್ಮ ಈ ಸಣ್ಣ ಸಣ್ಣ ನೀಲಿ ಚುಕ್ಕೆ? ನುಸಿ ಬಿದ್ದ ಹಾಗಿದೆ."

"ಕೈ ನಡುಗುತ್ತೆ ಸಾರ್. ಗೊತ್ತಿಲ್ದೆ ಎರಡೆರಡು ಸಲ ಒತ್ತಿಬಿಡ್ತಾರೆ. ಪುಟ್ಟ ಆಕೃತಿ ಮುಚ್ಕೊಂಡ್ಬಿಡುತ್ತೆ."

"ಅದು ಬೀಳದ ಹಾಗೆ ಮಾಡೋಕಾಗುತ್ತಾ?"

"ಆಗುತ್ತೆ. ಇಷ್ಟಕ್ಕಿಂತ ಚಿಕ್ಕದು ಬಂದ್ರೆ ಬಿಸಾಕು ಅಂತ ಬರೀಬಹುದು. ಎಷ್ಟು ಅಂತ ಹಾಕ್ಲಿ?"

ಅವರು ಚಾವಣಿ ನೋಡಿ ಒಂದು ಕ್ಷಣ ಯೋಚಿಸಿದರು. "ಹತ್ತು ಹಾಕು. ಹತ್ತು ಚದರ ಮೀಟರು. ರೌಂಡಾಗಿರುತ್ತೆ."

ಹಾಕಿದೆ. ಐದೇ ಸಾಲಿನ ಪ್ರೋಗ್ರಾಂ. ಕೊನೆಯ ಚುಕ್ಕೆ ಬಿದ್ದ ಕೂಡಲೇ ಆಕೃತಿ ಬಂದು ನನ್ನ ಐದು ಸಾಲಿನ ಮುಂದೆ ನಿಲ್ಲಬೇಕು. ನನ್ನ ಸಾಲು ಅದರ ವಿಸ್ತೀರ್ಣ ಅಳೆಯುತ್ತದೆ. ಹತ್ತು ಇದ್ದರೆ ಒಳಗೆ. ಇಲ್ಲದಿದ್ದರೆ ಅಳಿಸು. ಮೊದಲು ಅಳಿಸುವಾಗ ಒಂದು ಕೆಂಪು ಸೂಚನೆ ಬರುವ ಹಾಗೆ ಮಾಡಿದ್ದೆ. ಪದೇಪದೇ ಬಂದು ಕಣ್ಣು ಕುಕ್ಕುತ್ತದೆ ಎಂದು ಎಲ್ಲರೂ ಗೊಣಗಿದರು. ಅದನ್ನೂ ತೆಗೆದೆ. ಅಲ್ಲಿಂದ ಮುಂದೆ ಚಿಕ್ಕದು ಸದ್ದಿಲ್ಲದೆ ಹೋಗುತ್ತಿತ್ತು.

ಪರದೆ ಸ್ವಚ್ಛವಾಯಿತು. ಚಚ್ಚೌಕ ಸಾರ್ ಎಲ್ಲರ ಮುಂದೆ ನನ್ನನ್ನು ಹೊಗಳಿದರು. ಗೆರೆ ಎಳೆಯುವ ಸಾಲಿನಿಂದ ಎಬ್ಬಿಸಿ ಬೇರೆ ಮೇಜು ಕೊಟ್ಟರು. ಕೈ ಇರುವ ಕುರ್ಚಿ ಕೊಟ್ಟರು. ಆ ಹನ್ನೆರಡರಲ್ಲಿ ಯಾರಿಗೂ ಕೈ ಇರುವ ಕುರ್ಚಿ ಇರಲಿಲ್ಲ. ನಾನು ಮೊಣಕೈ ಊರಿಕೊಂಡು ಕೂತೆ. ಸುಳ್ಳು ಹೇಳುವುದಿಲ್ಲ, ಬಹಳ ಖುಷಿಯಾಯಿತು.

ಈಗ ಅಮ್ಮನ ವಿಷಯ.

ಅದೇ ಕಟ್ಟಡದಲ್ಲಿ ಅಮ್ಮ ಹದಿನಾಲ್ಕು ವರ್ಷದಿಂದ ಕಕ್ಕಸು ತೊಳೆಯುತ್ತಿದ್ದಳು. ನಾಲ್ಕು ಮಹಡಿ, ಹದಿನಾರು ಕಕ್ಕಸು, ಮೆಟ್ಟಿಲು, ನೆಲ. ಅಪ್ಪ ಮೋರಿ ಕಟ್ಟಿಕೊಂಡಾಗ ಗುಂಡಿಗೆ ಇಳಿಯುತ್ತಿದ್ದವನು. ಒಂದು ದಿನ ಇಳಿದವನು ಹತ್ತಿ ಬರಲಿಲ್ಲ. ಆಗ ನನಗೆ ಒಂಬತ್ತು ವರ್ಷ. ಅಪ್ಪ ಹೋದ ವರ್ಷವೇ ಅಮ್ಮ ಈ ಕಟ್ಟಡಕ್ಕೆ ಬಂದಳು. ಆ್ಯಸಿಡ್ ಬಿದ್ದು ಬಿದ್ದು ಅವಳ ಬೆರಳ ತುದಿಗಳು ನುಣ್ಣಗಾಗಿವೆ. ಹಾಜರಿಗೆ ಬೆರಳೊತ್ತುವ ಯಂತ್ರ ಅವಳನ್ನು ಗುರುತಿಸುತ್ತಿರಲಿಲ್ಲ. ದಿನಾ ಕಾವಲುಗಾರ ಬಂದು ಹೌದು, ಇವಳೇ ಎಂದು ಹೇಳಬೇಕಿತ್ತು.

ನನಗೆ ಅಲ್ಲಿ ಕೆಲಸ ಸಿಕ್ಕ ದಿನ ಅಮ್ಮ ನನ್ನನ್ನು ಕೂರಿಸಿಕೊಂಡು ಹೇಳಿದಳು: "ಆಫೀಸಲ್ಲಿ ನನ್ನನ್ನ ಅಮ್ಮ ಅಂತ ಕರೀಬೇಡ."

"ಯಾಕಮ್ಮ?"

"ಕಕ್ಕಸು ತೊಳೆಯೋಳ ಮಗಳು ಅಂತ ಗೊತ್ತಾದ್ರೆ ನೀನು ಮುಟ್ಟಿದ ಮೌಸನ್ನೂ ಒರೆಸ್ಕೊಂಡು ಮುಟ್ತಾರೆ. ನಂಗೆ ಗೊತ್ತಿಲ್ವಾ ಅವರು? ನನ್ನ ಟೀ ಲೋಟ ಎಲ್ಲಿಟ್ಟಿದಾರೆ ಹೇಳು."

ನನಗೆ ಗೊತ್ತಿತ್ತು. ಎಲ್ಲರ ಲೋಟ ಕಪಾಟಿನಲ್ಲಿ. ತೊಳೆಯುವವರ ಲೋಟ ಕಕ್ಕಸಿನ ಕಿಟಕಿಯ ಸರಳಿಗೆ ಸಿಕ್ಕಿಸಿರುತ್ತಿದ್ದರು.

ಹಾಗಾಗಿ ಎರಡು ವರ್ಷ ನಾವು ಒಂದೇ ಮನೆಯಿಂದ ಹೊರಟು, ಬೀದಿಯ ತಿರುವಿನಲ್ಲಿ ಬೇರೆಯಾಗಿ, ಅವಳು ಹಿಂಬಾಗಿಲಿನಿಂದ, ನಾನು ಮುಂಬಾಗಿಲಿನಿಂದ ಒಂದೇ ಕಟ್ಟಡ ಹೊಕ್ಕೆವು. ಅವಳು ನೆಲ ಒರೆಸುತ್ತ ನನ್ನ ಮೇಜಿನ ಹತ್ತಿರ ಬಂದಾಗ ಎಲ್ಲರಂತೆ ನಾನೂ ಕಾಲು ಎತ್ತುತ್ತಿದ್ದೆ. ಅವಳು ತಲೆ ಬಗ್ಗಿಸಿ ನನ್ನ ಕಾಲಡಿ ಒರೆಸಿ ಮುಂದೆ ಹೋಗುತ್ತಿದ್ದಳು. ಹೆತ್ತವಳು ನೆಲದಲ್ಲಿ, ನಾನು ಕುರ್ಚಿಯಲ್ಲಿ ಕಾಲು ಗಾಳಿಯಲ್ಲಿ. ಒಂದೊಂದು ಸಲ ಅವಳು ಬೇಕೆಂದೇ ನನ್ನ ಚಪ್ಪಲಿಗೆ ಒದ್ದೆ ಬಟ್ಟೆ ತಾಕಿಸಿ ಹೋಗುತ್ತಿದ್ದಳು. ಅದು ನಮ್ಮಿಬ್ಬರ ತಮಾಷೆ. ಆಗ ನಗು ಬರುತ್ತಿತ್ತು.

ನಮ್ಮ ಮನೆ ದೊಡ್ಡ ಮೋರಿಯ ದಂಡೆಯಲ್ಲಿತ್ತು. ಗೋದಾಮಿನ ಎತ್ತರದ ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ನಲವತ್ತೊಂದು ಕೋಣೆ. ಎಲ್ಲವೂ ಒಂದೇ ಅಳತೆ. ಎಂಟು ಅಡಿ, ಹನ್ನೆರಡು ಅಡಿ. ಮೋರಿಯೂ ಕಕ್ಕಸೂ ಬಳಿಯುವವರು ಅಲ್ಲಿಯೇ ಇರಲಿ ಎಂದು ಯಾವ ಕಾಲದಲ್ಲೋ ಯಾರೋ ಸುಣ್ಣದ ಗೆರೆ ಹಾಕಿ ಕೊಟ್ಟ ಅಳತೆ. ನಮ್ಮ ಕೋಣೆಯ ಮುಂದಿನ ಗೋಡೆ ಮೊದಲು ತಗಡಿನದು. ಅಪ್ಪ ಹೋದ ಮೇಲೆ ಅಮ್ಮ ಅದನ್ನು ಇಟ್ಟಿಗೆಯಲ್ಲಿ ಕಟ್ಟಿದಳು. ಆಫೀಸಿನ ಹಿಂದೆ ಒಡೆದ ಇಟ್ಟಿಗೆಯ ರಾಶಿ ಇತ್ತು. ದಿನಾ ಎರಡು ಇಟ್ಟಿಗೆ ಬಕೆಟ್ಟಿನಲ್ಲಿ ಹಾಕಿ ಮೇಲೆ ಒರೆಸುವ ಬಟ್ಟೆ ಮುಚ್ಚಿಕೊಂಡು ತರುತ್ತಿದ್ದಳು. ಒಂದು ವರ್ಷ ತಂದಳು. ನಮ್ಮ ಸಾಲಿನ ಗಾರೆ ತಾತ, ಕೈ ನಡುಗುವ ಮುದುಕ, ಪಕ್ಕದಲ್ಲಿ ಕೂತು ಹೇಳಿಕೊಡುತ್ತಿದ್ದ. ಅವಳು ಕಟ್ಟುತ್ತಿದ್ದಳು. ಗೋಡೆ ಸ್ವಲ್ಪ ಹೊಟ್ಟೆ ಬಿಟ್ಟಿತ್ತು. "ಬಸುರಿ ಗೋಡೆ" ಎಂದು ತಾತ ರೇಗಿಸುತ್ತಿದ್ದ. "ಬಿದ್ರೆ ನನ್ನ ಮೇಲೆ ಬೀಳುತ್ತೆ, ನಿಂಗೇನು" ಎನ್ನುತ್ತಿದ್ದಳು ಅಮ್ಮ. ಹದಿಮೂರು ವರ್ಷ ಅದು ಬೀಳಲಿಲ್ಲ.

ಎಂಟು ಅಡಿ ಹನ್ನೆರಡು ಅಡಿ ಎಂದರೆ ಎಷ್ಟು ಚದರ ಮೀಟರು? ಒಂಬತ್ತಕ್ಕೂ ಸ್ವಲ್ಪ ಕಡಿಮೆ.

ನಾನು ಆ ಲೆಕ್ಕ ಹಾಕಿರಲಿಲ್ಲ. ಮನೆ ನನಗೆ ಅಡಿಯಲ್ಲಿ ಗೊತ್ತಿತ್ತು. ನಿಯಮ ಬರೆದದ್ದು ಮೀಟರಿನಲ್ಲಿ. ಇದನ್ನು ಸಬೂಬು ಎಂದು ಹೇಳುತ್ತಿಲ್ಲ. ನಡೆದದ್ದು ಹಾಗೆ.

ಗೊತ್ತಾದದ್ದು ಒಂದು ಭಾನುವಾರ. ಗೋದಾಮಿನ ಗೋಡೆಗೆ ನಕ್ಷೆ ಅಂಟಿಸಿ ಹೋಗಿದ್ದರು. ಮೊದಲ ಪ್ರತಿ, ಆಕ್ಷೇಪಣೆ ಇದ್ದವರು ಶುಕ್ರವಾರ ಬಂದು ಹೇಳಬೇಕು ಎಂದಿತ್ತು. ನಮ್ಮ ಸಾಲಿನವರೆಲ್ಲ ಅದರ ಮುಂದೆ ನಿಂತಿದ್ದರು. ಅಮ್ಮ ನನ್ನ ಕೈ ಹಿಡಿದು ಎಳೆದುಕೊಂಡು ಹೋದಳು. ಜನರನ್ನು ಪಕ್ಕಕ್ಕೆ ತಳ್ಳಿದಳು.

"ಸರೀರಿ, ಸರೀರಿ. ಇದನ್ನ ಎಳೆದಿರೋಳೇ ಬಂದಿದಾಳೆ. ಅವಳೇ ತೋರಿಸ್ತಾಳೆ." ಆಫೀಸಿನಲ್ಲಿ ನನ್ನನ್ನು ಗುರುತಿಸದ ಅಮ್ಮ ಬೀದಿಯಲ್ಲಿ ಅದರ ಬಡ್ಡಿಯನ್ನೂ ಸೇರಿಸಿ ವಸೂಲು ಮಾಡುತ್ತಿದ್ದಳು. "ಇದು ಮೋರಿ ತಾನೇ? ಇದು ಗೋದಾಮು. ಹಾಗಾದ್ರೆ ನಮ್ಮನೆ ಎಲ್ಲಿ ಬಂತು? ತೋರ್ಸೇ."

ಮೋರಿ ಇತ್ತು. ಗೋದಾಮು ದೊಡ್ಡದಾಗಿ ನೀಲಿಯಾಗಿ ಇತ್ತು. ಗೋದಾಮಿನ ಕಾವಲು ನಾಯಿಗೆ ಕಟ್ಟಿದ ಗೂಡು ಕೂಡ ಇತ್ತು, ನಂಬರಿನ ಸಮೇತ. ಅದು ಹದಿನೈದು ಚದರ ಮೀಟರು. ಎರಡರ ನಡುವೆ ಬಿಳಿ ಪಟ್ಟಿ. ಅದರ ಮೇಲೆ ಎರಡು ಪದ: ಖಾಲಿ ಜಾಗ.

ನಲವತ್ತೊಂದೂ ಒಂದೂ ಬಿಡದೆ ಇಲ್ಲವಾಗಿದ್ದರಿಂದ ಇದು ನನ್ನ ಐದು ಸಾಲಿನ ಕೆಲಸ ಎಂದು ತಕ್ಷಣ ಗೊತ್ತಾಯಿತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?

"ಅಮ್ಮ, ಮನೆಗೆ ನಡಿ" ಎಂದೆ.

ಒಳಗೆ ಬಂದು ಬಾಗಿಲು ಹಾಕಿದೆ. ಎಲ್ಲವನ್ನೂ ಹೇಳಿದೆ. ಚುಕ್ಕೆ, ನುಸಿ, ಹತ್ತು, ಐದು ಸಾಲು, ಕುರ್ಚಿ. ಅಮ್ಮ ನೆಲದ ಮೇಲೆ ಕೂತು ಕೇಳಿದಳು. ಗೋಡೆಗೆ ಒರಗಿರಲಿಲ್ಲ.

"ಅಳತೆ ಹಾಕುವಾಗ ನಮ್ಮನೆ ನೆನಪಾಗ್ಲಿಲ್ವಾ?"

"ಇಲ್ಲಮ್ಮ."

"ಒಂದ್ಸಲನೂ?"

"ಇಲ್ಲ."

ಎದ್ದು ಹೋಗಿ ಬಿಂದಿಗೆಯಿಂದ ನೀರು ಕುಡಿದಳು. ನನಗೂ ಒಂದು ಲೋಟ ತಂದು ಕೊಟ್ಟಳು. ಆಮೇಲೆ ಹೇಳಿದಳು: "ಆಫೀಸಲ್ಲಿ ನನ್ನ ಗುರುತು ಹಿಡೀಬೇಡ ಅಂತ ನಾನೇ ಹೇಳಿದ್ದೆ. ನೀನು ಚೆನ್ನಾಗೇ ಕಲಿತುಬಿಟ್ಟೆ."

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕೆನ್ನೆಗೆ ಬಾರಿಸಿದ್ದರೆ ಹಗುರಾಗುತ್ತಿದ್ದೆ. ಆ ಮಾತು ಇವತ್ತಿಗೂ ಎದೆಯಲ್ಲಿ ಕೂತಿದೆ.

ಸಾಲಿಗೆಲ್ಲ ಸಂಜೆಯೊಳಗೆ ಗೊತ್ತಾಯಿತು. ಅಮ್ಮನೇ ಹೇಳಿದಳು. ಯಾರೋ ಹೇಳಿ ಗೊತ್ತಾಗುವುದು ಬೇಡ ಎಂದಳು. ಪಕ್ಕದ ಮನೆಯ ಚಿಕ್ಕಮ್ಮ, ನನಗೆ ಜಡೆ ಹಾಕಿ ಬೆಳೆಸಿದವಳು, ನನ್ನ ಮುಖ ನೋಡದೆ ಹೇಳಿದಳು: "ಕೊಡಲಿ ಕಾವು ಕುಲಕ್ಕೆ ಮೃತ್ಯು ಅಂತ ಸುಮ್ನೆ ಹೇಳ್ಲಿಲ್ಲ ಹಿರೀಕರು." ಗಾರೆ ತಾತ ಮಾತ್ರ ನನ್ನ ಪಕ್ಕ ಬಂದು ಕೂತ. "ಗೋಡೆ ಎಲ್ಲ ಒಂದಕ್ಕೊಂದು ಅಂಟ್ಕೊಂಡಿದೆಯಲ್ಲ ಮಗಾ. ನಲವತ್ತೊಂದೂ ಸೇರಿಸಿ ಒಂದೇ ಮನೆ ಅಂತ ಎಳೆದ್ರೆ ನಕ್ಷೇಲಿ ಬೀಳುತ್ತಾ?" ಎಂದು ಕೇಳಿದ.

"ಬೀಳುತ್ತೆ ತಾತ. ಆದ್ರೆ ಎಲ್ಲರಿಗೂ ಸೇರಿ ಒಂದೇ ಮನೆ ಕೊಡ್ತಾರೆ."

ತಾತ ಬೊಚ್ಚುಬಾಯಿ ಬಿಟ್ಟು ನಕ್ಕ. "ಹಾಗಾದ್ರೆ ನಂಗೆ ಕಿಟಕಿ ಪಕ್ಕ ಜಾಗ ಕೊಡಿಸು." ನಗುತ್ತಲೇ ಅವನ ಕಣ್ಣಲ್ಲಿ ನೀರು ಬಂತು. ತೋಳಿನಿಂದ ಒರೆಸಿಕೊಂಡು ಎದ್ದು ಹೋದ.

ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋದವಳು ಮೊದಲು ನಮ್ಮ ಕಡೆಯ ಫೋಟೊ ಎಳೆದವರು ಯಾರು ಎಂದು ಹುಡುಕಿದೆ. ಕನ್ನಡಕ ಎಂದು ನಾವು ಕರೆಯುತ್ತಿದ್ದ ಹುಡುಗಿ. ಅವಳು ಹೇಳಿದಳು: "ಎಳೆದಿದ್ದೆ ಅಕ್ಕ. ನಲವತ್ತೊಂದೂ ಎಳೆದೆ. ಕೊನೇ ಚುಕ್ಕೆ ಇಟ್ಟ ತಕ್ಷಣ ಮಾಯ ಆಗ್ತಿತ್ತು. ನಂದೇ ತಪ್ಪು ಅಂದ್ಕೊಂಡು ಮತ್ತೆ ಎಳೆದೆ. ಮೂರು ಸಲ ಎಳೆದೆ. ಬೆರಳು ಬಿಟ್ಟುಹೋಯ್ತು. ಸಾರ್‌ನ ಕೇಳಿದೆ. ಬೀಳದೇ ಇದ್ರೆ ಬಿಡು ಅಂದ್ರು."

ಮೂರು ಸಲ. ನಮ್ಮ ಸಾಲಿನವಳಲ್ಲದ ಹುಡುಗಿ ನಮ್ಮ ಮನೆಗಳನ್ನು ಮೂರು ಸಲ ಕಟ್ಟಿದ್ದಳು. ಮೂರು ಸಲವೂ ನಾನು ಕೆಡವಿದ್ದೆ.

ಚಚ್ಚೌಕ ಸಾರ್ ಹತ್ತಿರ ಹೋದೆ. ಹತ್ತು ಎಂದಿರುವುದನ್ನು ಸೊನ್ನೆ ಮಾಡುತ್ತೇನೆ, ಒಂದೇ ದಿನ ಸಾಕು, ಮೋರಿ ದಂಡೆಯ ಆ ಮನೆಸಾಲನ್ನು ನಾನೇ ಕೂತು ಎಳೆಯುತ್ತೇನೆ ಎಂದೆ. ಅವರು ಲೋಟವನ್ನು ಮೇಜಿನ ಅಂಚಿಗೆ ಸರಿ ಮಾಡಿದರು.

"ಆಗಲ್ಲಮ್ಮ. ಆ ಹತ್ತು ಈಗ ನಮ್ಮ ಕೈಲಿಲ್ಲ. ಮೇಲಿನವರಿಗೆ ತುಂಬಾ ಹಿಡಿಸಿದೆ. ಹತ್ತಕ್ಕಿಂತ ಕಡಿಮೆ ಇದ್ರೆ ಅದು ವಾಸದ ಮನೆ ಅಲ್ಲ ಅಂತ ಆದೇಶದಲ್ಲೇ ಬರೆದಿದಾರೆ."

"ಅದು ಕೈ ತಪ್ಪಿ ಬಿದ್ದ ಚುಕ್ಕೆಗೆ ಅಂತ ಹಾಕಿದ್ದಲ್ವಾ ಸಾರ್?"

"ಹೌದು. ಈಗ ನಿಯಮ ಆಗಿದೆ. ನೀನೇ ಯೋಚನೆ ಮಾಡು, ಮನುಷ್ಯರು ಇರೋ ಮನೆ ಅಂದ್ರೆ ಅಷ್ಟಾದ್ರೂ ಬೇಡ್ವಾ?"

ಅವರಿಗೆ ನನ್ನ ಮನೆ ಎಲ್ಲಿ ಎಂದು ಗೊತ್ತಿರಲಿಲ್ಲ. ಅಂದು ನಾನು ಹೇಳಲಿಲ್ಲ. ಗಂಟಲವರೆಗೆ ಬಂತು. ಕುರ್ಚಿಯ ಕೈ ನೆನಪಾಯಿತು. ನುಂಗಿಕೊಂಡೆ. ಇದನ್ನೂ ಬರೆದಿಡುತ್ತೇನೆ. ಬಂಡೆದ್ದವರ ಕಥೆಯಲ್ಲಿ ಬಂಡೇಳದ ದಿನಗಳನ್ನು ಬಿಟ್ಟುಬಿಡುವುದು ಮೋಸ.

ಗುರುವಾರ ಅವರೇ ನನ್ನ ಮೇಜಿಗೆ ಬಂದರು. "ನಾಳೆ ಆಕ್ಷೇಪಣೆ. ದೊಡ್ಡ ಪರದೆ ಮೇಲೆ ನಕ್ಷೆ ತೋರಿಸೋಳು ನೀನೇ. ಅದಕ್ಕೆ ಮುಂಚೆ ಒಂದು ಕೆಲಸ ಇದೆ. ಆ ಖಾಲಿ ಜಾಗದ ಸುತ್ತ ಒಂದು ಗೆರೆ ಹಾಕಿ ಬೀಗ ಹಾಕ್ಬಿಡು. ಅದರೊಳಗೆ ಯಾರೇ ಮೌಸ್ ಒತ್ತಿದ್ರೂ ಚುಕ್ಕೆ ಬೀಳಬಾರದು. ಮುಂದೆ ತಲೆನೋವಿರಲ್ಲ. ಆಗುತ್ತಲ್ವಾ?"

ಆಗುತ್ತದೆ. ಐದು ಸಾಲೂ ಬೇಡ, ನಾಲ್ಕು ಸಾಕು. ಗೆರೆ ಎಳೆಯುವ ಸಾಧನಕ್ಕೆ ಹೀಗೆ ನಡೆದುಕೋ ಎಂದರೆ ನಡೆದುಕೊಳ್ಳುತ್ತದೆ. ನನಗೆ ಗೊತ್ತಿದ್ದ ಒಂದೇ ವಿದ್ಯೆ ಅದು. "ನೋಡ್ತೀನಿ ಸಾರ್" ಎಂದೆ. ಸಂಜೆಯವರೆಗೆ ಖಾಲಿ ಪರದೆ ನೋಡುತ್ತ ಕೂತೆ. ಒಂದು ಅಕ್ಷರ ಒತ್ತಲಿಲ್ಲ. ಹೊರಡುವ ಮುಂಚೆ ಹಳೆಯ ಐದು ಸಾಲು ತೆರೆದು, ಅಳಿಸು ಎಂದಿದ್ದ ಸಾಲನ್ನು ತೆಗೆದುಹಾಕಿದೆ.

ಶುಕ್ರವಾರ ನಮ್ಮ ಸಾಲಿನವರು ಬೆಳಿಗ್ಗೆ ಏಳಕ್ಕೇ ಕಟ್ಟಡದ ಮುಂದೆ ಬಂದರು. ಒಗೆದ ಬಟ್ಟೆ ಹಾಕಿಕೊಂಡಿದ್ದರು. ಕೆಳಗೆ ಮೇಜು ಹಾಕಿ ಒಬ್ಬ ಅರ್ಜಿ ಕೊಡುತ್ತಿದ್ದ. ಅರ್ಜಿಯ ಮೊದಲ ಸಾಲು: ನಕ್ಷೆಯಲ್ಲಿ ನಿಮ್ಮ ಮನೆ ನಂಬರು. ನಂಬರಿಲ್ಲದವರ ಅರ್ಜಿ ತೆಗೆದುಕೊಳ್ಳುವುದಿಲ್ಲ ಎಂದ. ನಂಬರಿಲ್ಲ ಎನ್ನುವುದೇ ನಮ್ಮ ಆಕ್ಷೇಪಣೆ ಎಂದು ಚಿಕ್ಕಮ್ಮ ಕೂಗಿದಳು. ಅದನ್ನು ಅರ್ಜಿಯಲ್ಲಿ ಬರೆದು ಕೊಡಿ ಎಂದ. ಅರ್ಜಿ ಕೊಡಿ ಎಂದಳು. ನಂಬರು ಹೇಳಿ ಎಂದ. ಕಾವಲುಗಾರರು ಬಾಗಿಲು ಹಾಕಿದರು. ನಲವತ್ತೊಂದು ಮನೆಯ ಜನ ಬೀದಿಯಲ್ಲಿ ನಿಂತರು.

ಮೇಲಿನ ಸಭೆಯಲ್ಲಿ ನಮ್ಮ ಸಾಲಿನವರು ಇಬ್ಬರೇ. ನಾನು, ನಕ್ಷೆ ತೋರಿಸುವವಳು. ಅಮ್ಮ, ಕೈಯಲ್ಲಿ ಒರೆಸುವ ಕೋಲು ಇದ್ದವಳು. ಕೋಲು ಇದ್ದವರನ್ನು ಯಾರೂ ತಡೆಯುವುದಿಲ್ಲ. ಯಾರೂ ನೋಡುವುದೂ ಇಲ್ಲ.

ಮೇಲಧಿಕಾರಿ ಬಂದು ಕೂತರು. ಪಕ್ಕದಲ್ಲಿ ಚಚ್ಚೌಕ ಸಾರ್. ಎದುರಿಗೆ ನಂಬರಿನ ಮನೆಯವರು. ಒಬ್ಬರಿಗೆ ತಮ್ಮ ಕಾರ್ ಶೆಡ್ಡು ಸೊಟ್ಟಗೆ ಬಂದಿದೆ ಎಂದು ದೂರು. ಒಬ್ಬರಿಗೆ ಬಾಲ್ಕನಿ ಬಿಟ್ಟುಹೋಗಿದೆ ಎಂದು. ನಾನು ಒಂದೊಂದನ್ನೂ ಸರಿಮಾಡುತ್ತ ಹೋದೆ. ಕಾರ್ ಶೆಡ್ಡಿಗೆ ಹೊಸ ಚುಕ್ಕೆ ಇಟ್ಟೆ. ಬಾಲ್ಕನಿ ಸೇರಿಸಿದೆ. ನಕ್ಷೆ ಮುಗಿದುಹೋಗಿದೆ, ಮುಟ್ಟುವ ಹಾಗಿಲ್ಲ ಎಂದು ಯಾರೂ ಅವರಿಗೆ ಹೇಳಲಿಲ್ಲ.

ಅಷ್ಟರಲ್ಲಿ ಮೇಲಧಿಕಾರಿಯ ಟೀ ಚೆಲ್ಲಿತು.

"ಏಯ್, ಇವಳೇ, ಬಾ ಇಲ್ಲಿ" ಎಂದು ಚಚ್ಚೌಕ ಸಾರ್ ಕರೆದರು. ಅಮ್ಮ ಬಂದಳು. ಟೀ ಮೇಜಿನ ಕೆಳಗೆ ಹರಿದಿತ್ತು. ಕೋಲು ಅಲ್ಲಿಗೆ ಹೋಗುವುದಿಲ್ಲ. ಅವಳು ಮಂಡಿಯೂರಿ ಮೇಜಿನ ಕೆಳಗೆ ಹೋದಳು. ಮೇಲಧಿಕಾರಿ ಮಾತಾಡುತ್ತಲೇ ಕಾಲು ಎತ್ತಿದರು. ಚಚ್ಚೌಕ ಸಾರ್ ಕಾಲು ಎತ್ತಿದರು. ನನ್ನ ಕಾಲೂ ತಾನಾಗಿ ಮೇಲೆದ್ದಿತು.

ಕೆಳಗೆ ಅಮ್ಮನ ಬೆನ್ನು ಕಂಡಿತು. ರವಿಕೆಯ ಮೇಲೆ ಬೆವರಿನ ಕಲೆ. ಬೆಳಿಗ್ಗೆಯೇ ಒಗೆದದ್ದು ಹಾಕಿಕೊಂಡಿದ್ದಳು, ಇವತ್ತು ದೊಡ್ಡವರ ಮುಂದೆ ನಮ್ಮ ಮನೆಯ ಮಾತು ಬರುತ್ತದೆ ಎಂದು.

ನಾನು ಕಾಲು ಇಳಿಸಿದೆ. ಟೀ ಮೇಲೇ ಇಳಿಸಿದೆ.

"ಅಮ್ಮ, ಏಳು" ಎಂದೆ.

ಗಟ್ಟಿಯಾಗಿಯೇ ಬಂತು. ಅಮ್ಮ ಮೇಜಿನ ಕೆಳಗಿನಿಂದಲೇ ನನ್ನನ್ನು ನೋಡಿ ಬೇಡ ಎನ್ನುವಂತೆ ತಲೆಯಾಡಿಸಿದಳು.

"ಏಳಮ್ಮ. ಆ ಟೀ ಚೆಲ್ಲಿದವರೇ ಒರೆಸ್ಕೊಳ್ಳಲಿ. ಎದ್ದು ಇಲ್ಲಿ ನೋಡು. ನಮ್ಮನೆ ಎಲ್ಲಿ ಬಂತು ಅಂತ ಕೇಳಿದ್ಯಲ್ಲ. ತೋರಿಸ್ತೀನಿ."

"ಏನಿದು?" ಎಂದರು ಮೇಲಧಿಕಾರಿ.

"ಇವರು ನಮ್ಮಮ್ಮ. ನೀವು ಖಾಲಿ ಜಾಗ ಅಂತ ಬರೆದಿದ್ದೀರಲ್ಲ, ಅಲ್ಲಿ ನಮ್ಮನೆ ಇದೆ. ಆ ಹತ್ತನ್ನ ಬರೆದೋಳು ನಾನು. ಬೀಗ ಹಾಕು ಅಂದ್ರು, ಹಾಕಲ್ಲ."

ನಕ್ಷೆಯನ್ನು ಮೋರಿಯ ಕಡೆಗೆ ಸರಿಸಿದೆ. ಫೋಟೊ ದೊಡ್ಡದು ಮಾಡಿದೆ. ತುಕ್ಕು ಹಿಡಿದ ತಗಡಿನ ಸಾಲು ಪರದೆಯ ತುಂಬ ಬಂತು. ನಮ್ಮ ಚಾವಣಿಯ ಮೇಲೆ ಅಮ್ಮ ಇಟ್ಟಿದ್ದ ಹಳೆ ಟೈರು ಕೂಡ ಕಾಣುತ್ತಿತ್ತು. ಒಂದು ಚುಕ್ಕೆ. ಎರಡು. ಮೂರು. ನಾಲ್ಕು. ಸುತ್ತಿ ಬಂದು ಮೊದಲ ಚುಕ್ಕೆಯ ಮೇಲೆ ಒತ್ತಿದೆ. ಆಕೃತಿ ಮುಚ್ಚಿಕೊಂಡಿತು. ನೀಲಿಯಾಯಿತು. ನಂಬರು ಬಂತು.

ಅಮ್ಮ ಎದ್ದು ನಿಂತಿದ್ದಳು. ಒದ್ದೆ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಅದಾ ನಮ್ದು?" ಎಂದಳು. ಚಿಕ್ಕ ಮಗುವಿನ ಸ್ವರದಲ್ಲಿ ಕೇಳಿದಳು. "ಹೌದಮ್ಮ" ಎಂದೆ.

ಪಕ್ಕದ ಚಿಕ್ಕಮ್ಮನದು ಎಳೆದೆ. ಅದರ ಪಕ್ಕದ್ದು ಎಳೆದೆ. ಚಚ್ಚೌಕ ಸಾರ್ ನಿಲ್ಲಿಸು ಎನ್ನುತ್ತಿದ್ದರು. ಎಳೆದೆ. ಮೌಸ್ ಕಿತ್ತುಕೊಳ್ಳಲು ಬಂದರು, ಅಮ್ಮ ಒರೆಸುವ ಕೋಲನ್ನು ಅಡ್ಡ ಹಿಡಿದಳು. ಯಾರನ್ನೂ ಹೊಡೆಯಲಿಲ್ಲ. ಅಡ್ಡ ಹಿಡಿದಳು, ಅಷ್ಟೆ. ಆ ಕೊಳೆ ಬಟ್ಟೆಯನ್ನು ಮುಟ್ಟಲು ಯಾರಿಗೂ ಮನಸ್ಸಾಗಲಿಲ್ಲ. ಅಷ್ಟು ಹೊತ್ತಿನಲ್ಲಿ ಏಳು ಮನೆ ಎಳೆದೆ. ಎಂಟನೆಯದು ಗಾರೆ ತಾತನದು. ಮೂರು ಚುಕ್ಕೆ ಇಟ್ಟಿದ್ದೆ. ಯಾರೋ ಹೋಗಿ ಗೋಡೆಯಿಂದ ವೈರು ಕಿತ್ತರು.

ಮುಂದಿನದು ಹೇಳಲು ಹೆಚ್ಚಿಲ್ಲ. ನಕ್ಷೆಯ ಗುರುವಾರದ ಪ್ರತಿ ಅವರ ಹತ್ತಿರ ಇತ್ತು. ಶನಿವಾರ ಅದನ್ನೇ ಮತ್ತೆ ಹಾಕಿದರು. ಕಾರ್ ಶೆಡ್ಡೂ ಬಾಲ್ಕನಿಯೂ ಅದಕ್ಕೆ ಸೇರಿದವು. ಏಳು ಮನೆ ಸೇರಲಿಲ್ಲ. ನನ್ನನ್ನು ತೆಗೆದರು. ಅಮ್ಮನನ್ನೂ ತೆಗೆದರು. ಕಿಟಕಿಯ ಸರಳಿನಲ್ಲಿದ್ದ ಲೋಟವನ್ನು ಮಾತ್ರ ಅವಳು ಕೇಳಿ ತಂದಳು. ಕನ್ನಡಕ ನಮ್ಮನ್ನು ಹಿಂಬಾಗಿಲಿನವರೆಗೆ ಕಳಿಸಿಕೊಟ್ಟಳು. ಅವಳು ನನ್ನ ಕೈ ಹಿಡಿದು ಅತ್ತಳು. ಅವಳ ತೋರುಬೆರಳಿಗೆ ಪಟ್ಟಿ ಸುತ್ತಿತ್ತು.

ಹನ್ನೊಂದನೆಯ ದಿನ ಬೆಳಿಗ್ಗೆ ಯಂತ್ರ ಬಂತು. ಖಾಲಿ ಜಾಗವನ್ನು ಖಾಲಿ ಮಾಡಲು ಮಧ್ಯಾಹ್ನವಾಯಿತು. ತಗಡುಗಳು ಬೇಗ ಹೋದವು. ಅಮ್ಮನ ಬಸುರಿ ಗೋಡೆ ಮೊದಲ ಏಟಿಗೆ ಬೀಳಲಿಲ್ಲ. ಎರಡನೆಯದಕ್ಕೂ ಬೀಳಲಿಲ್ಲ. ಗಾರೆ ತಾತ ಮೋರಿಯ ಆ ದಡದಲ್ಲಿ ಕೂತು ನೋಡುತ್ತಿದ್ದ. "ನೋಡ್ದಾ, ಹೊಟ್ಟೆ ಬಿಟ್ರೂ ಗಟ್ಟಿ ಇದಾಳೆ" ಎಂದ. ಮೂರನೆಯದಕ್ಕೆ ಬಿತ್ತು. ತಾತ ಆಮೇಲೆ ಮಾತು ಕಡಿಮೆ ಮಾಡಿದ. ತಿಂಗಳಾಗುವುದರೊಳಗೆ ಹೋದ. ಅವನ ಮನೆಗೆ ನಾಲ್ಕನೆಯ ಚುಕ್ಕೆ ಇಡಲಾಗಲಿಲ್ಲ ಎನ್ನುವುದು ನನ್ನನ್ನು ಬಿಡುವುದಿಲ್ಲ.

ಈಗ ನಾವು ಮೋರಿಯ ಈಚೆ ದಡದಲ್ಲಿ ಟಾರ್ಪಾಲಿನ ಕೆಳಗೆ ಇದ್ದೇವೆ. ಅಮ್ಮನೂ ನಾನೂ ಒಟ್ಟಿಗೆ ಮನೆಮನೆಯ ಕಕ್ಕಸು ತೊಳೆಯಲು ಹೋಗುತ್ತೇವೆ. ನಾನು ಅವಳನ್ನು ಎಲ್ಲರೆದುರೂ ಅಮ್ಮ ಎಂದೇ ಕರೆಯುತ್ತೇನೆ.

ಕೆಲಸಕ್ಕೆ ಹೋಗುವ ಮುಂಚೆ ದಿನಾ ಬೆಳಿಗ್ಗೆ ಅವಳು ಆಚೆ ದಡಕ್ಕೆ ಹೋಗುತ್ತಾಳೆ. ಅಲ್ಲಿ ಈಗ ಬಯಲು. ತನ್ನ ಗೋಡೆಯದೇ ಒಂದು ಇಟ್ಟಿಗೆಯ ಚೂರು ಇಟ್ಟುಕೊಂಡಿದ್ದಾಳೆ. ಹೆಜ್ಜೆಯ ಮುಂದೆ ಹೆಜ್ಜೆ ಇಟ್ಟು ಎಂಟು ಅಡಿ ಅಳೆಯುತ್ತಾಳೆ, ಹನ್ನೆರಡು ಅಡಿ ಅಳೆಯುತ್ತಾಳೆ. ಬಗ್ಗಿ ಕೆಂಪು ಗೆರೆ ಎಳೆಯುತ್ತಾಳೆ. ಬಾಗಿಲಿಗೆ ಜಾಗ ಬಿಡುತ್ತಾಳೆ. ಸಂಜೆಯೊಳಗೆ ಲಾರಿಗಳು ಅದನ್ನು ಅಳಿಸಿರುತ್ತವೆ. ಮರುದಿನ ಮತ್ತೆ ಎಳೆಯುತ್ತಾಳೆ. ಮೊದಲು ಅವಳೊಬ್ಬಳೇ. ಆಮೇಲೆ ಚಿಕ್ಕಮ್ಮ ಬಂದು ತನ್ನದು ಎಳೆದುಕೊಂಡಳು. ಈಗ ನಲವತ್ತು ಮನೆಯವರೂ ಎಳೆಯುತ್ತಾರೆ. ಗಾರೆ ತಾತನದು ನಾನು ಎಳೆಯುತ್ತೇನೆ. ನಾಲ್ಕೂ ಮೂಲೆ ಇಟ್ಟು ಮುಚ್ಚುತ್ತೇನೆ.

ಮೊನ್ನೆ ರಸ್ತೆ ಅಳೆಯುವವರು ಬಂದರು. ಟೇಪು ಹಿಡಿದವರ ಮುಂದೆ ಚಚ್ಚೌಕ ಸಾರ್ ಇದ್ದರು. ಕಾಗದ ನೋಡಿಕೊಂಡು ನೇರವಾಗಿ ನಡೆದು ಬರುತ್ತಿದ್ದರು. ಅಮ್ಮ ತನ್ನ ಗೆರೆಯೊಳಗೆ ಕೂತು ಆ ಲೋಟದಲ್ಲಿ ಟೀ ಕುಡಿಯುತ್ತಿದ್ದಳು. ಏಳಲಿಲ್ಲ.

"ನಿಲ್ಲಿ ಸಾರ್" ಎಂದಳು. "ಅದು ಗೋಡೆ. ಬಾಗಿಲು ಈ ಕಡೆ ಇದೆ."

ಅವರು ಕಾಗದದಿಂದ ತಲೆ ಎತ್ತಿದರು. ನನ್ನನ್ನು ನೋಡಿದರು. ಅಮ್ಮನನ್ನು ನೋಡಿದರು. ಆಮೇಲೆ ಕೆಳಗೆ ನೋಡಿದರು. ಬಯಲಿನ ತುಂಬ ಕೆಂಪು ಗೆರೆ, ಒಂದರ ಪಕ್ಕ ಒಂದು, ಒಂದರ ಪಕ್ಕ ಒಂದು. ಅವರ ಒಂದು ಕಾಲು ಆಗಲೇ ಮುಂದಕ್ಕೆ ಬಂದಿತ್ತು. ಗೆರೆಯ ಮೇಲೆ ಅದನ್ನು ಇಳಿಸಲಾಗದೆ, ಹಿಂದಕ್ಕೂ ತೆಗೆಯಲಾಗದೆ, ಕಾಲು ಎತ್ತಿಕೊಂಡೇ ನಿಂತರು.